ಎಣಿಕೆಗೆ ಸೇರದವನು

ಎಲ್ಲರೂ ಹೊರಟುಹೋದ ಮೇಲಿನ ಮೊದಲ ಸೋಮವಾರ, ಬೆಳಗ್ಗೆ ಎಂಟು ಹತ್ತಕ್ಕೆ, ನನ್ನ ಫೋನು ಒಮ್ಮೆ ಮಿನುಗಿತು. ಕಾರು ಸಿದ್ಧವಾಗಿದೆ, ಒಳಗೆ ಇಪ್ಪತ್ತೆರಡು ಡಿಗ್ರಿ ಎಂದಿತ್ತು.

ನನ್ನ ಗಂಡ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಕೆಲಸದ ದಿನಗಳಲ್ಲಿ ನಾವು ಇಳಿದು ಬರುವ ಹೊತ್ತಿಗೆ ಕಾರು ತಾನಾಗಿ ಬೆಚ್ಚಗಾಗುವಂತೆ ಹೊಂದಿಸಿಟ್ಟವನು ಅವನೇ. ಹಿಂದಿನ ವಾರವೂ ಅದು ದಿನಾ ಬೆಚ್ಚಗಾಗಿ, ಕಾದು, ತಣ್ಣಗಾಗಿರಬೇಕು. ಆಗ ನನ್ನ ಫೋನು ಅಮ್ಮನ ಕೈಯಲ್ಲಿತ್ತು.

ಕೆಳಗಿಳಿದು ಹೋಗಿ ನನ್ನ ಜಾಗದಲ್ಲಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತೆ. ಒಳಗೆ ಹಿತವಾಗಿತ್ತು. ಅವನ ಸೀಟು ಉದ್ದ ಕಾಲುಗಳಿಗೆಂದು ಹಿಂದಕ್ಕೆ ಸರಿದಿತ್ತು. ಕನ್ನಡಿ ಅವನ ಕಣ್ಣಿನ ಎತ್ತರಕ್ಕಿತ್ತು. ನನಗೆ ಅದರಲ್ಲಿ ಕಂಡದ್ದು ಕಾರಿನ ಚಾವಣಿ ಮಾತ್ರ. ಸ್ವಲ್ಪ ಹೊತ್ತಿಗೆ ಎದುರಿನ ಪರದೆ ಆರಿತು. ಇಳಿದು, ಬಾಗಿಲು ಹಾಕಿ, ಬಸ್ಸಿಗೆ ಹೋಗಿ ನಿಂತೆ.

ಆಫೀಸಿನಲ್ಲಿ ಎಲ್ಲರೂ ಮೆಲ್ಲಗೆ ಮಾತಾಡಿದರು. ನಮ್ಮದು ಷೇರು ದಲ್ಲಾಳಿ ಸಂಸ್ಥೆಯ ಸಂಶೋಧನಾ ವಿಭಾಗ. ಯಾರು ಯಾವ ಉದ್ಯಮವನ್ನು ಗಮನಿಸುತ್ತಾರೋ ಅದೇ ಇಲ್ಲಿ ಅವರ ಹೆಸರು. ಪಕ್ಕದ ಮೇಜಿನವನು ಸಿಮೆಂಟ್. ಎದುರಿಗೆ ಕೂರುವವಳು ಸೋಪು. ಎಲೆಕ್ಟ್ರಿಕ್ ಕಾರುಗಳನ್ನು ನೋಡುವ ನಾನು ಕರೆಂಟ್.

"ಕರೆಂಟ್, ಕಾಫಿ ತರ್ಲಾ?" ಎಂದ ಸಿಮೆಂಟ್.

"ಬೇಡ."

"ತಂದಾಗಿದೆ. ಬೇಡ ಅಂದ್ರೆ ಎರಡೂ ನಾನೇ ಕುಡೀಬೇಕು. ನಿದ್ದೆ ಬರಲ್ಲ, ಆಮೇಲೆ ನನ್ನ ಹೆಂಡ್ತಿ ನಿನ್ನನ್ನೇ ಬೈತಾಳೆ."

ಹೆಂಡತಿ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವನು ಕಪ್ಪನ್ನೇ ನೋಡುತ್ತ ನಿಂತುಬಿಟ್ಟ. ನಾನು ಕಪ್ಪು ತೆಗೆದುಕೊಂಡೆ. ಪಾಪ, ಅವನಿಗೆ ಅಲ್ಲಿಂದ ಹೋಗಲು ಒಂದು ನೆಪ ಬೇಕಿತ್ತು.

ಕಂಪನಿಯೊಂದರ ಲಾಭ ನಷ್ಟ ನೋಡುವವರು ಬೇರೆ ಇದ್ದಾರೆ. ಅದರ ಮೇಲೆ ಜನಕ್ಕೆ ಎಷ್ಟು ಪ್ರೀತಿ ಉಳಿದಿದೆ ಎಂದು ನೋಡುವುದು ನನ್ನ ಕೆಲಸ. ಕಾರಿನ ಮಾಲೀಕರು ತಮ್ಮ ತಮ್ಮ ಗ್ರೂಪುಗಳಲ್ಲಿ ಬರೆದದ್ದನ್ನೆಲ್ಲ ಓದಿ, ಒಂದೊಂದು ಮಾತಿನ ಮುಂದೆ ಪ್ಲಸ್, ಮೈನಸ್ ಇಲ್ಲವೇ ಸೊನ್ನೆ ಹಾಕುತ್ತೇನೆ. ಮೂರು ತಿಂಗಳಿಗೊಮ್ಮೆ ಅವರಿಗೆ ಫೋನು ಮಾಡಿ, ನಿಮ್ಮ ಮುಂದಿನ ಕಾರೂ ಇದೇ ಕಂಪನಿಯದೇ ಎಂದು ಕೇಳುತ್ತೇವೆ. ನಾನು ನೋಡುವ ಕಂಪನಿಗೆ ಲಾಭವೆಂಬುದು ಇನ್ನೂ ಬಂದಿಲ್ಲ. ಅದರ ಷೇರು ನಿಂತಿದ್ದೇ ಮಾಲೀಕರ ಪ್ರೀತಿಯ ಮೇಲೆ. ಹಾಗಾಗಿ ನೂರಕ್ಕೆ ಎಷ್ಟು ಜನ ಹೌದು ಎಂದರು ಎಂಬ ಅಂಕಿಗಾಗಿ ಹೂಡಿಕೆದಾರರು ಕಾದು ಕೂರುತ್ತಾರೆ.

ಆರು ವರ್ಷದ ಹಿಂದೆ ಅವನು ನನಗೆ ಸಿಕ್ಕಿದ್ದು ಈ ಕೆಲಸದಲ್ಲಾದ ಒಂದು ತಪ್ಪಿನಿಂದ.

ನಮ್ಮಲ್ಲೊಂದು ನಿಯಮವಿದೆ. ತೊಂಬತ್ತು ದಿನ ಒಂದೇ ಸಮನೆ ಹೊಗಳಿದವನು ಮನುಷ್ಯನಲ್ಲ, ಕಂಪನಿಯವರು ಇಟ್ಟುಕೊಂಡ ಯಾವುದೋ ಯಂತ್ರ ಎಂದು ತಿಳಿದು ಅವನನ್ನು ಅಳಿಸುತ್ತೇವೆ. 'ಬ್ಯಾಟರಿ' ಎಂಬ ಅಡ್ಡಹೆಸರಿನಲ್ಲಿ ಬರೆಯುವ ಒಬ್ಬನಿದ್ದ. ಇನ್ನೂರ ಹದಿನಾಲ್ಕು ಮಾತುಗಳಲ್ಲಿ ಒಂದೂ ಮೈನಸ್ ಇರಲಿಲ್ಲ. ಅಳಿಸಿದೆ. ಅಳಿಸಿದವರಲ್ಲಿ ನಾಲ್ಕು ಜನಕ್ಕೆ ಫೋನು ಮಾಡಿ ಖಚಿತ ಮಾಡಿಕೊಳ್ಳಬೇಕೆಂದು ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಹೇಳಿದ್ದರು. ಮೂರು ನಂಬರುಗಳು ಇರಲೇ ಇಲ್ಲ. ನಾಲ್ಕನೆಯದನ್ನು ಅವನು ಎತ್ತಿದ.

"ನೀವು ಕಂಪನಿಯಿಂದ ದುಡ್ಡು ತಗೊಂಡು ಬರೀತೀರಾ?" ಎಂದು ಕೇಳಿದೆ.

"ಇಲ್ಲ. ಕೊಡ್ತಾರಾ?"

"ಮೂರು ತಿಂಗಳಲ್ಲಿ ಒಂದು ಸಲಾನೂ ಕಾರಿನ ಮೇಲೆ ಬೇಜಾರಾಗಿಲ್ವಾ ನಿಮಗೆ?"

"ಆಗಿದೆ. ವೈಪರ್ ಕಿರ್ ಅನ್ನುತ್ತೆ."

"ಮತ್ತೆ ಅದನ್ನ ಯಾಕೆ ಬರೆದಿಲ್ಲ?"

"ಮನೆ ವಿಷ್ಯ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಾರೇನ್ರೀ?"

ನಕ್ಕುಬಿಟ್ಟೆ. ಆ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ನನ್ನ ಆ ನಗು ಈಗಲೂ ನಮ್ಮ ಆಫೀಸಿನ ಕಡತದಲ್ಲಿದೆ.

"ನೀವು ನನ್ನನ್ನ ಯಂತ್ರ ಅಂದ್ಕೊಂಡ್ರಿ, ಅಲ್ವಾ?" ಎಂದ.

"ಪರಿಶೀಲನೆ ಅಷ್ಟೇ."

"ಫೋನಲ್ಲಿ ಹೇಗೆ ಗೊತ್ತಾಗುತ್ತೆ? ಸಂಜೆ ಅಂಗಡಿಗೆ ಬಂದು ನೋಡಿ. ಕನ್ನಡಕದ ಅಂಗಡಿ ನಂದು. ಹೇಗೂ ನಿಮಗೂ ಒಂದು ಬೇಕು."

"ನಿಮಗೆ ಯಾರು ಹೇಳಿದ್ರು?"

"ಪ್ರಶ್ನೆಗಳನ್ನ ತಡೆದು ತಡೆದು ಓದ್ತಿದೀರಲ್ಲ."

ಹೋಗಬಾರದಿತ್ತು. ಹೋದೆ. ಅಂಗಡಿ ಚಿಕ್ಕದು, ಮೂರು ಗೋಡೆ ತುಂಬ ಕನ್ನಡಿ. ಅವನು ನನ್ನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ಬಾಗಿ, ಒಂದು ಪುಟ್ಟ ಪ್ಲಾಸ್ಟಿಕ್ ಸ್ಕೇಲನ್ನು ನನ್ನ ಮೂಗಿನ ಮೇಲೆ ಅಡ್ಡ ಹಿಡಿದ.

"ನನ್ನ ಕಣ್ಣನ್ನೇ ನೋಡಿ. ಆಚೆ ಈಚೆ ನೋಡಿದ್ರೆ ಅಳತೆ ಕೆಡುತ್ತೆ."

ನೋಡಿದೆ. ಅವನ ಎಡಗಣ್ಣಿನಲ್ಲಿ, ಕಪ್ಪು ಗುಡ್ಡೆಯ ಪಕ್ಕದಲ್ಲೇ, ಟೀ ಬಣ್ಣದ ಒಂದು ಚುಕ್ಕೆಯಿತ್ತು.

"ಅರವತ್ತೊಂದು ಮಿಲಿಮೀಟರ್," ಎಂದ. ಬರೆದುಕೊಂಡ. ಮತ್ತೆ ಬಂದು ಸ್ಕೇಲು ಹಿಡಿದ.

"ಒಂದು ಸಲ ಅಳೆದ್ರೆ ಸಾಲದಾ?"

"ಸಾಕು."

"ಮತ್ತೆ?"

"ಈಗ ಅಳೀತಾ ಇಲ್ಲ," ಎಂದ.

ನಾನು ಕಣ್ಣು ತಗ್ಗಿಸಿದೆ. ಅಳತೆ ಆಗಲೇ ಆಗಿತ್ತಲ್ಲ, ಕೆಡುವ ಭಯವಿರಲಿಲ್ಲ.

ಆಮೇಲೆ ಸಂಜೆಗಳು ಬಂದವು. ಊರ ಅಂಚಿನ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ, ತಂತಿ ಸಿಕ್ಕಿಸಿ, ಒಳಗೆ ಕೂತು ಮಾತಾಡುತ್ತಿದ್ದೆವು.

"ಪೆಟ್ರೋಲ್ ಕಾರಾಗಿದ್ರೆ ಮೂರು ನಿಮಿಷಕ್ಕೆ ಮುಗೀತಿತ್ತು. ಇದ್ರಲ್ಲಿ ನಿಮ್ಮ ಪಕ್ಕ ನಲವತ್ತು ನಿಮಿಷ ಸಿಗುತ್ತೆ. ಇಂಥ ಕಂಪನಿ ಮೇಲೆ ನಿಷ್ಠೆ ಇರಬಾರದಾ, ನೀವೇ ಹೇಳಿ," ಎನ್ನುತ್ತಿದ್ದ.

ಒಂದು ದಿನ ಬ್ಯಾಟರಿ ತೊಂಬತ್ತೆರಡು ಇದ್ದರೂ ಅಲ್ಲಿಗೆ ಹೋಗಿ ನಿಲ್ಲಿಸಿದ.

"ತುಂಬಿದೆಯಲ್ಲ, ಯಾಕೆ ನಿಲ್ಸಿದ್ರಿ?"

"ಕೊನೇ ಎಂಟು ಬಹಳ ನಿಧಾನ ತುಂಬುತ್ತೆ. ಅಷ್ಟರಲ್ಲಿ ಒಂದು ಮಾತು ಕೇಳ್ಬೇಕು."

ಅವನು ಕೇಳಿದ್ದು ತೊಂಬತ್ತೇಳಕ್ಕೆ. ನಾನು ಹೂಂ ಎಂದದ್ದು ತೊಂಬತ್ತೊಂಬತ್ತಕ್ಕೆ. ಆ ಎರಡು ಅಂಕಿಗಳ ನಡುವೆ ತನಗೆ ಎರಡು ಕೂದಲು ನರೆತವು ಎಂದು ನೆಂಟರ ಮುಂದೆಲ್ಲ ತಲೆ ಬಗ್ಗಿಸಿ ತೋರಿಸುತ್ತಿದ್ದ.

ಮದುವೆಯಾದಾಗ ಆಫೀಸಿಗೆ ಒಂದು ಫಾರಂ ತುಂಬಿಕೊಟ್ಟೆ. ನನ್ನ ಗಂಡ ಈ ಕಂಪನಿಯ ಕಾರಿನ ಮಾಲೀಕ, ಒಂದಿಷ್ಟು ಷೇರೂ ಇಟ್ಟುಕೊಂಡಿದ್ದಾನೆ ಎಂದು. ಎರಡು ಷರತ್ತು ಹಾಕಿದರು. ಅನುಮತಿಯಿಲ್ಲದೆ ಅವನು ಷೇರು ಮಾರುವಂತಿಲ್ಲ. ಉದ್ಯೋಗಿಯ ಮನೆಯವರನ್ನು ಎಣಿಕೆಗೆ ಸೇರಿಸುವಂತಿಲ್ಲ. ಮೊದಲನೆಯದನ್ನು ಅವನಿಗೆ ಹೇಳಿದೆ. "ನಾನು ಮಾರೋನೇ ಅಲ್ವಲ್ಲ, ಬಿಡು," ಎಂದ. ಎರಡನೆಯದು ಹೇಳುವಷ್ಟು ದೊಡ್ಡದೆಂದು ನನಗೆ ಅನ್ನಿಸಲಿಲ್ಲ.

ನಮ್ಮಿಬ್ಬರ ನಡುವೆ ಮುಗಿಯದ ವಿಷಯ ಒಂದೇ ಇತ್ತು. ಅಮ್ಮನ ಊರು ನಾಲ್ಕು ಗಂಟೆಯ ದಾರಿ. ನಮ್ಮ ಹಳೆಯ ಬ್ಯಾಟರಿ ಅಷ್ಟು ದೂರ ಒಂದೇ ಉಸಿರಿಗೆ ಹೋಗುತ್ತಿರಲಿಲ್ಲ. ಆ ರಸ್ತೆಯಲ್ಲಿ ನಮ್ಮ ಕಂಪನಿಯ ಸ್ಟೇಷನ್ ಇಲ್ಲ. ಎದುರಾಳಿ ಕಂಪನಿಯದು ಒಂದಿದೆ, ಸರಿಯಾಗಿ ಅರ್ಧ ದಾರಿಯಲ್ಲಿ. ಅಂಗೈಯಗಲದ ಒಂದು ಅಡಾಪ್ಟರ್ ಇದ್ದರೆ ಅಲ್ಲಿ ನಮ್ಮ ಕಾರೂ ಚಾರ್ಜ್ ಆಗುತ್ತದೆ. ಅವನು ಒಪ್ಪುತ್ತಿರಲಿಲ್ಲ.

"ಅವರ ಕರೆಂಟ್ ನಮಗ್ಯಾಕೆ? ಮನೇಲೇ ಒಂದಿದೆ," ಎಂದು ನನ್ನ ಕೆನ್ನೆ ಹಿಂಡುತ್ತಿದ್ದ.

ಮೊದಲ ವರ್ಷ ನಕ್ಕೆ. ಐದನೇ ವರ್ಷ ನಗು ಬರಲಿಲ್ಲ. ಎರಡು ರೈಲು ಬದಲಿಸಿ ಅಮ್ಮನ ಮನೆಗೆ ಹೋಗುತ್ತಿದ್ದೆವು. ಮಂಡಿನೋವಿನ ಅಮ್ಮನನ್ನು ಒಂದು ದಿನವೂ ಆ ಕಾರಿನಲ್ಲಿ ಕೂರಿಸಲಿಲ್ಲ.

ಅಂಥ ಅಡಾಪ್ಟರ್ ಇಟ್ಟುಕೊಂಡವರು ಮೇಷ್ಟ್ರು. ನಿವೃತ್ತ ವಿಜ್ಞಾನದ ಮೇಷ್ಟ್ರು, ಮಾಲೀಕರ ಗ್ರೂಪಿನಲ್ಲಿ ಇವನ ಜೀವದ ಗೆಳೆಯ. ಊರಿನಲ್ಲಿ ಮೊದಲು ಈ ಕಾರು ಕೊಂಡವರು ಇವರಿಬ್ಬರೇ. ಭಾನುವಾರ ಕೂಡಿಯೇ ಕಾರು ತೊಳೆಯುತ್ತಿದ್ದರು. ಆ ಅಡಾಪ್ಟರ್ ಕಂಡಾಗಲೆಲ್ಲ ಇವನು, "ಮೇಷ್ಟ್ರೆ, ಎದುರು ಮನೆ ಊಟ ರುಚಿಯಾಗಿತ್ತಾ?" ಎಂದು ಚುಚ್ಚುತ್ತಿದ್ದ. "ಹಸಿದವನಿಗೆ ಮನೆ ಯಾವುದಾದ್ರೇನಯ್ಯ," ಎನ್ನುತ್ತಿದ್ದರು ಅವರು.

ಈ ಸಲದ ಅಂಕಿ ಬಂದಾಗ ನಾನು ಮೂರು ಸಲ ಕೂಡಿ ನೋಡಿದೆ. ಹಿಂದೆ ನೂರಕ್ಕೆ ಎಂಬತ್ತೊಂದು ಜನ ಮುಂದಿನ ಕಾರೂ ಇಲ್ಲಿಂದಲೇ ಎಂದಿದ್ದರು. ಈಗ ಅರವತ್ನಾಲ್ಕು. ವರದಿ ಹೊರಬೀಳುವ ತನಕ ಅದರಲ್ಲೇನಿದೆ ಎಂದು ಮನೆಯವರಿಗೂ ಹೇಳುವಂತಿಲ್ಲ. ಆರು ವಾರ ನಾನು ಹೇಳಲಿಲ್ಲ, ಅವನು ಕೇಳಲಿಲ್ಲ. ನಾನು ಬರೆಯುತ್ತ ಕೂತರೆ ಹಿಂದಿನಿಂದ ಬಂದು, ಪರದೆ ಕಾಣದ ಹಾಗೆ ಕಣ್ಣು ಮುಚ್ಚಿಕೊಂಡು, ನನ್ನ ಭುಜ ಒತ್ತಿ ಹೋಗುತ್ತಿದ್ದ.

ಶುಕ್ರವಾರ ಬೆಳಗ್ಗೆ ವರದಿ ಹೊರಬಿತ್ತು. ಮಾಲೀಕರ ನಿಷ್ಠೆಯನ್ನು ನಂಬಿ ಈ ಷೇರನ್ನು ಇಟ್ಟುಕೊಳ್ಳುವ ಕಾಲ ಮುಗಿದಿದೆ ಎಂಬುದು ಅದರಲ್ಲಿ ನಾನು ಬರೆದ ಕೊನೆಯ ವಾಕ್ಯ. ಮಧ್ಯಾಹ್ನದ ಹೊತ್ತಿಗೆ ಷೇರು ನೂರಕ್ಕೆ ಒಂಬತ್ತು ಕುಸಿದಿತ್ತು. ಮೇಷ್ಟ್ರು ತಮ್ಮ ಷೇರುಗಳನ್ನೆಲ್ಲ ಮಾರಿ, ಎದುರಾಳಿ ಕಂಪನಿಯ ಕಾರು ಬುಕ್ ಮಾಡಿ, ಗ್ರೂಪಿನಲ್ಲಿ ಹೀಗೆ ಬರೆದರು: ಬ್ಯಾಟರಿಯ ಹೆಂಡತಿಗೇ ನಂಬಿಕೆ ಇಲ್ಲ, ನಾವು ಯಾವ ಲೆಕ್ಕ. ಇವನು ಉತ್ತರ ಬರೆದ: ಹೋಗೋರು ಬಾಗಿಲು ಬಡೀದೆ ಹೋಗಿ. ಬರೆದು ಅವರನ್ನು ಗ್ರೂಪಿನಿಂದ ತೆಗೆದುಹಾಕಿದ. ಹನ್ನೊಂದು ವರ್ಷದ ಸ್ನೇಹ ಅದು.

ಸಂಜೆ ಮನೆಯಲ್ಲಿ ಚಪ್ಪಲಿ ಕಳಚುತ್ತ ಕೇಳಿದ.

"ನನ್ನನ್ನೂ ಸೇರಿಸಿದ್ಯಾ ಆ ಅರವತ್ನಾಲ್ಕರಲ್ಲಿ?"

"ಇಲ್ಲ."

"ಮೂವತ್ತಾರರಲ್ಲಿ?"

"ಎರಡರಲ್ಲೂ ಇಲ್ಲ. ಮನೆಯವರನ್ನ ಎಣಿಸೋ ಹಾಗಿಲ್ಲ."

"ಯಾವಾಗಿಂದ?"

"ಮದುವೆ ಆದಾಗಿಂದ."

ಅವನು ಚಪ್ಪಲಿಗಳನ್ನು ಗೂಡಿನಲ್ಲಿ ಜೋಡಿಸಿಟ್ಟ. "ಐದು ವರ್ಷ ನಾನು ಗ್ರೂಪಲ್ಲಿ ಬರೆದಿದ್ದೆಲ್ಲ ನೀನು ಓದ್ತೀಯ ಅಂದ್ಕೊಂಡೇ ಬರೀತಿದ್ದೆ," ಎಂದ.

ಓದುತ್ತಿದ್ದೆ. ಅದನ್ನು ಹೇಳಬಹುದಿತ್ತು. ನಾನು ಹೇಳಿದ್ದು, "ಅದು ನಿಯಮ," ಎಂದು.

ಆಮೇಲೆ ಮಾತಿಲ್ಲ. ಹಾಲು ಖಾಲಿ. ಬೀಗ ಎಲ್ಲಿ. ಇಷ್ಟೇ. ಬೆಳಗ್ಗೆ ಎಂದಿನಂತೆ ನನ್ನನ್ನು ಆಫೀಸಿಗೆ ಬಿಡುತ್ತಿದ್ದ. ಆ ಕಾರಿಗೆ ಇಂಜಿನ್ನಿನ ಸದ್ದಿಲ್ಲ. ಮಾತು ನಿಂತರೆ ಅದರೊಳಗೆ ಏನೂ ಉಳಿಯುವುದಿಲ್ಲ. ಗುರುವಾರ ನಾನಿಳಿಯುವಾಗ, "ಸಂಜೆ ಬರ್ತೀನಿ," ಎಂದ. ನಾನು ತಿರುಗಿ ನೋಡದೆ ಬಾಗಿಲು ಹಾಕಿದೆ.

ಮಧ್ಯಾಹ್ನ ಹನ್ನೆರಡೂವರೆಗೆ, ಒಬ್ಬ ಗಿರಾಕಿಗೆ ಫ್ರೇಮು ತೋರಿಸುತ್ತಿದ್ದವನು ಹಾಗೇ ಸ್ಟೂಲಿನ ಮೇಲೆ ಕೂತನಂತೆ. ತಲೆಯೊಳಗಿನ ಒಂದು ರಕ್ತನಾಳ. ಯಾವುದರಿಂದಲೂ ಆದದ್ದಲ್ಲ, ಯಾವಾಗ ಬೇಕಾದರೂ ಆಗಬಹುದಿತ್ತು ಎಂದರು ವೈದ್ಯರು. ಮೂವತ್ತಾರು ವರ್ಷ ಅವನಿಗೆ.

ನನಗೆ ತಿಳಿಯಬೇಕಾಗಿದ್ದದ್ದು ಒಂದೇ. ನನ್ನ ಮೇಲೆ ಕೋಪ ಇಟ್ಟುಕೊಂಡೇ ಹೋದನೇ.

ಜನರ ಮಾತನ್ನು ಓದಿ ಅವರ ಮನಸ್ಸು ಹೇಳುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಅವನ ಫೋನು ಹುಡುಕಿದೆ. ಗ್ರೂಪು ಹುಡುಕಿದೆ. ಆ ಶುಕ್ರವಾರದ ಮೇಲೆ ಅವನು ಎಲ್ಲಿಯೂ ಒಂದಕ್ಷರ ಬರೆದಿರಲಿಲ್ಲ.

ಬುಧವಾರ ಸಂಜೆ ಹನಿ ಬೀಳುತ್ತಿತ್ತು. ಕೊಡೆಗಾಗಿ ಕಾರಿನ ಡಿಕ್ಕಿ ತೆಗೆದೆ. ಕೊಡೆಯ ಪಕ್ಕ ಒಂದು ಬೂದು ಬಟ್ಟೆಯ ಚೀಲ. ಒಳಗೆ ಅಂಗೈಯಗಲದ, ಭಾರದ, ಕಪ್ಪು ಅಡಾಪ್ಟರ್. ಚೀಲಕ್ಕೊಂದು ಚೀಟಿ ಪಿನ್ ಮಾಡಿತ್ತು. ಮೇಷ್ಟ್ರ ಅಕ್ಷರ ನನಗೆ ಗೊತ್ತು, ಒಂದೊಂದೂ ಕಪ್ಪುಹಲಗೆಯಿಂದ ಇಳಿದು ಬಂದ ಹಾಗೆ ದುಂಡಗೆ. ಮೂವತ್ತು ವರ್ಷ ಶಾಲೆಯ ಪ್ರಯೋಗಾಲಯ ನೋಡಿಕೊಂಡವರು. ಒಂದು ಸ್ಪ್ಯಾನರ್ ಎರವಲು ಕೊಟ್ಟರೂ ಚೀಟಿ ಬರೆಯುತ್ತಾರೆ.

ವಸ್ತು: ಅಡಾಪ್ಟರ್, ಒಂದು. ಪಡೆದವರು: ಬ್ಯಾಟರಿ. ಕೊಟ್ಟ ದಿನ: ಮಂಗಳವಾರ. ಹಿಂದಿರುಗಿಸುವ ದಿನ: ಸೋಮವಾರ. ಮಂಗಳವಾರದ ಪಕ್ಕ ತಾರೀಖೂ ಇತ್ತು. ಅವನು ಸಾಯುವ ಎರಡು ದಿನ ಮುಂಚಿನದು.

ಡಿಕ್ಕಿಯ ಬಾಗಿಲ ಕೆಳಗೆ ನಿಂತು ಅದನ್ನು ಬಹಳ ಹೊತ್ತು ಓದಿದೆ. ಅದು ಬೇಕಾಗುವ ರಸ್ತೆ ನಮಗೆ ಒಂದೇ ಇದ್ದದ್ದು.

ಕೂಡಲೇ ಮೇಷ್ಟ್ರಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಏನು ಹೇಳುತ್ತಾರೋ ಎಂಬ ಭಯ. ಭಾನುವಾರ ಬೆಳಗ್ಗೆ ಅವನ ಸೀಟಿನಲ್ಲಿ ಕೂತು, ನನ್ನ ಎತ್ತರಕ್ಕೆಂದು ಅವನೇ ಗುರುತು ಮಾಡಿದ್ದ ಗುಂಡಿ ಒತ್ತಿದೆ. ಸೀಟು ನನ್ನನ್ನು ಹೊತ್ತುಕೊಂಡು ಮೆಲ್ಲಗೆ ಮುಂದಕ್ಕೆ ಬಂತು.

ಅರ್ಧ ದಾರಿಯ ಸ್ಟೇಷನ್ನಿನಲ್ಲಿ ಅಡಾಪ್ಟರ್ ಯಾವ ಕಡೆಯಿಂದ ಸಿಕ್ಕಿಸಬೇಕೆಂದು ತಿಳಿಯದೆ ಒದ್ದಾಡುತ್ತಿದ್ದೆ. ಪಕ್ಕದ ಕಾರಿನ ಹೆಂಗಸು ಇಳಿದು ಬಂದಳು.

"ತಿರುಗಿಸಿ ಹಿಡೀರಿ. ಹಾಂ. ಟಕ್ ಅನ್ನೋ ತನಕ ಒತ್ತಿ." ಕಾರನ್ನು ನೋಡಿ ನಕ್ಕಳು. "ಕೊನೆಗೂ ನೀವೂ ನಮ್ಮ ಕಡೆಗೇ ಬಂದ್ರಾ."

"ಈ ದಾರಿಗೆ ಇದೊಂದೇ ಅಲ್ವಾ."

"ಅಲ್ನೋಡಿ ನಮ್ಮನೆಯವ್ರನ್ನ. ನಿಮ್ಮ ಕಂಪನಿ ಕಾರು ಕಂಡ್ರೆ ಮುಖ ಹಾಗೇ ಮಾಡೋದು. ನಿಮ್ದು ಅವರಿಗಿಂತ ಮೊದ್ಲು ತುಂಬಿಬಿಟ್ರೆ ಇವತ್ತು ಊಟ ಮಾಡಲ್ಲ."

"ನಮ್ಮನೆಯವ್ರೂ ಹಾಗೇ," ಎಂದೆ.

"ಬಂದಿಲ್ವಾ?"

"ಇಲ್ಲ. ಅಡಾಪ್ಟರ್ ಕೊಟ್ಟು ಕಳಿಸಿದ್ರು."

ಅದು ಸುಳ್ಳೆನಿಸಲಿಲ್ಲ. ಇಪ್ಪತ್ತಾರು ನಿಮಿಷ ಕಾರಿನೊಳಗೆ ಕೂತಿದ್ದೆ. ಅಳು ಬರಬಹುದೆಂದು ಕರವಸ್ತ್ರ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಬರಲಿಲ್ಲ. ಅವನೊಡನೆ ಏನು ಮಾತಾಡುತ್ತಿದ್ದೆ ಎಂದು ಯೋಚಿಸಿದೆ. ವೈಪರ್ ಇನ್ನೂ ಕಿರ್ ಅನ್ನುತ್ತೆ ಎಂಬಲ್ಲಿಂದ ಶುರು ಮಾಡುತ್ತಿದ್ದೆನೇನೋ.

ಅಮ್ಮ ಬಾಗಿಲಲ್ಲಿ ನಿಂತು ಕಾರನ್ನೂ ನನ್ನನ್ನೂ ನೋಡಿದಳು. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಪಕ್ಕದ ಸೀಟಿನಲ್ಲಿ ಬಂದು ಕೂತಳು. ಬೀದಿ ಕೊನೆಯ ತನಕ ಹೋಗಿ ಬಂದೆವು.

"ಸದ್ದೇ ಇಲ್ವಲ್ಲೇ."

"ಇರಲ್ಲಮ್ಮ."

"ಹಾಗಾದ್ರೆ ನೀವಿಬ್ರೂ ಆರಾಮಾಗಿ ಮಾತಾಡ್ಕೊಂಡು ಓಡಾಡ್ತಿದ್ರಿ ಅನ್ನು."

"ಹೂಂ," ಎಂದೆ.

ಮಾರನೆಯ ದಿನ ಆಫೀಸು ಮುಗಿಸಿ ಮೇಷ್ಟ್ರ ಮನೆಗೆ ಹೋದೆ. ಬಾಗಿಲು ತೆರೆದವರು ಚೌಕಟ್ಟು ಹಿಡಿದು ನಿಂತರು. ಅವರನ್ನು ನೋಡಿ ಹೆಚ್ಚು ದಿನವಾಗಿರಲಿಲ್ಲ, ಆದರೂ ಅವರ ಅಂಗಿಯ ಕಾಲರು ಕೊರಳಿಗೆ ದೊಡ್ಡದಾಗಿತ್ತು.

"ಬಾಮ್ಮ. ಒಳಗೆ ಬಾ." ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿ ಎಲ್ಲಿಡುವುದೆಂದು ತೋಚದೆ ತಾವೇ ಹಿಡಿದುಕೊಂಡರು. "ಆವತ್ತು ಬಂದಿದ್ದೆ ನಾನು. ಗೇಟಿನ ಆಚೆ ಕಡೆ ನಿಂತಿದ್ದೆ. ಒಳಗೆ ಬರೋ ಮುಖ ಇರಲಿಲ್ಲ. ನಿನ್ನ ಮೇಲೆ ಹಾಗೆಲ್ಲ ಬರೆದ ಮೇಲೆ."

"ಬರಬಹುದಿತ್ತು ಮೇಷ್ಟ್ರೆ."

"ಬರಬಹುದಿತ್ತು."

ಚೀಲವನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಿ ಪುಸ್ತಕಗಳನ್ನು ನೆಲದ ಮೇಲೆ ಇಟ್ಟುಬಿಟ್ಟರು.

"ಅವನು ಬಂದಾಗ ಏನಂದ, ಹೇಳ್ತೀರಾ? ನನಗೆ ಸಮಾಧಾನ ಆಗ್ಲಿ ಅಂತ ಏನೂ ಸೇರಿಸಬೇಡಿ."

"ಸೇರಿಸಿ ಹೇಳಿ ಅಭ್ಯಾಸ ಇಲ್ಲಮ್ಮ ನನಗೆ." ಅವರು ಕೂತರು. "ಮಂಗಳವಾರ ಸಂಜೆ ಅಂಗಡಿ ಮುಚ್ಚಿ ನೇರ ಇಲ್ಲಿಗೇ ಬಂದ. ಬಾಗಿಲಲ್ಲೇ ನಿಂತು, 'ಆ ಎದುರು ಮನೆ ಊಟದ ತಟ್ಟೆ ಒಂದು ವಾರದ ಮಟ್ಟಿಗೆ ಕೊಡ್ತೀರಾ' ಅಂದ. ನಾನೂ ಬಿಡ್ಲಿಲ್ಲ. 'ಯಾಕಯ್ಯ, ನಿಮ್ಮ ಮನೇಲಿ ಒಲೆ ಹತ್ತಿಲ್ವಾ' ಅಂದೆ. 'ಅವಳ ಅಮ್ಮನ ಮನೆಗೆ ಹೋಗ್ಬೇಕು' ಅಂದ."

"ನಾನು ಕೇಳಿರಲಿಲ್ಲ."

"ನಾನೂ ಅದನ್ನೇ ಕೇಳ್ದೆ, ಅವಳು ಕೇಳಿದ್ಲಾ ಅಂತ. 'ಎಲ್ಲಿ ಮೇಷ್ಟ್ರೆ, ಮಾತೇ ಆಡ್ತಿಲ್ಲ ನಾವು' ಅಂದ. 'ಮನೇಲಾದ್ರೆ ಅವಳು ಒಂದು ರೂಮು, ನಾನೊಂದು ರೂಮು. ಕಾರಲ್ಲಿ ನಾಲ್ಕು ಗಂಟೆ. ಎದ್ದು ಎಲ್ಲಿಗೆ ಹೋಗ್ತಾಳೆ' ಅಂದ. ಶನಿವಾರ ಬೆಳಗ್ಗೆ ನಿನಗೆ ಹೇಳೋನಿದ್ದ. ಮುಂಚೆ ಹೇಳಿದ್ರೆ ನೀನು ಬೇಡ ಅಂತೀಯ ಅಂತ."

ಬೇಡ ಎನ್ನುತ್ತಿದ್ದೆ. ನಿಜ.

"ಕೋಪ ಇತ್ತಾ ಅವನಿಗೆ?"

ಒಳಗೆ ಮೇಷ್ಟ್ರ ಹೆಂಡತಿ ಪಾತ್ರೆ ಜೋಡಿಸುತ್ತಿದ್ದ ಸದ್ದು ನಿಂತಿತು.

"ಇತ್ತು," ಎಂದರು ಮೇಷ್ಟ್ರು. "ಇಲ್ಲ ಅಂದ್ರೆ ಸುಳ್ಳಾಗುತ್ತೆ. ನಿನ್ನ ವರದೀನ ಮೂರು ಸಲ ಓದಿದ್ನಂತೆ. 'ಎಲ್ಲಾದ್ರೂ ಒಂದು ತಪ್ಪು ಸಿಗುತ್ತೆ ಅಂತ ಹುಡುಕ್ದೆ ಮೇಷ್ಟ್ರೆ. ಸಿಗ್ಲಿಲ್ಲ. ಅದಕ್ಕೇ ಕೋಪ' ಅಂದ. ಆಮೇಲೆ ನಕ್ಕ. 'ಎಷ್ಟು ಚೆನ್ನಾಗಿ ಬರ್ದಿದಾಳೆ ನೋಡಿ, ನಾನೇ ಮಾರ್ಬಿಡೋಣ ಅಂದ್ಕೊಂಡೆ' ಅಂದ."

ಕರವಸ್ತ್ರ ಬ್ಯಾಗಿನಲ್ಲಿತ್ತು. ತೆಗೆಯುವಷ್ಟು ಹೊತ್ತಾಗಲಿಲ್ಲ. ಹತ್ತೊಂಬತ್ತನೆಯ ದಿನಕ್ಕೆ ಬಂತು, ಇನ್ನೊಬ್ಬರ ಮನೆಯಲ್ಲಿ, ಬೇರೆಯವರ ಕುರ್ಚಿಯ ಮೇಲೆ. ಮೇಷ್ಟ್ರ ಹೆಂಡತಿ ಬಂದು ನೀರಿಟ್ಟು, ನನ್ನ ಬೆನ್ನಿನ ಮೇಲೆ ಒಂದು ಕ್ಷಣ ಕೈಯಿಟ್ಟು ಹೋದರು.

ಮುಖ ಒರೆಸಿಕೊಂಡ ಮೇಲೆ ಚೀಲವನ್ನು ಮೇಷ್ಟ್ರ ಕಡೆ ಸರಿಸಿದೆ.

"ಇಟ್ಕೊಳಮ್ಮ ಬೇಕಾದ್ರೆ," ಎಂದರು. "ನಮ್ಮ ಹೊಸ ಕಾರು ಬರೋದು ಇನ್ನೆರಡು ತಿಂಗಳಿದೆ, ಆದ್ರೂ ಹೇಗೋ ಆಗುತ್ತೆ."

"ಬೇಡ ಮೇಷ್ಟ್ರೆ. ನಂದೇ ಒಂದು ತರಿಸ್ತಿದೀನಿ. ಇದು ಅವನು ಈಸ್ಕೊಂಡಿದ್ದು. ಎರಡು ವಾರ ತಡ ಆಯ್ತು."

ಅವರು ತಲೆಯಾಡಿಸಿ ಎದ್ದು ಕಪಾಟಿನಿಂದ ಉದ್ದನೆಯ ಒಂದು ಪುಸ್ತಕ ತಂದರು. ಶಾಲೆಯಲ್ಲಿ ಇಡುವಂಥದು, ಗೆರೆ ಎಳೆದದ್ದು. ಬೆರಳಿಟ್ಟು ಒಂದು ಸಾಲು ತೋರಿಸಿದರು. ಪಡೆದವರ ಸಹಿ ಎಂಬಲ್ಲಿ ಅವನ ಸಹಿ ಇತ್ತು. ಅಂಗಡಿಯ ಚೀಟಿಗಳ ಮೇಲೆ ಹಾಕುವ ಗಡಿಬಿಡಿಯ ಸಹಿಯಲ್ಲ, ಪೂರ್ತಿ ಹೆಸರು. ಅದರ ಕೆಳಗೆ ಹಿಂದಿರುಗಿಸಿದವರ ಸಹಿ ಎಂಬ ಜಾಗ ಖಾಲಿಯಿತ್ತು.

ಅಲ್ಲಿ ನನ್ನ ಹೆಸರು ಬರೆದೆ. ಪೆನ್ನು ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು.

ಮೇಷ್ಟ್ರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಇನ್ನೊಂದು ಕಾಲಂ ಇದೆ. ವಸ್ತುವಿನ ಸ್ಥಿತಿ. ಏನು ಬರೀಲಿ?"

"ಒಂದು ಸಲ ಅಮ್ಮನ ಮನೆಗೆ ಹೋಗಿಬರೋಕೆ ಬಳಸಿದೆ ಅಂತ ಬರೀರಿ."

ಅವರು ದುಂಡಗೆ ಹಾಗೆಯೇ ಬರೆದರು. ಆಮೇಲೆ ಅಡಾಪ್ಟರನ್ನು ಚೀಲದಿಂದ ತೆಗೆದು, ಒಣಬಟ್ಟೆಯಿಂದ ಒರೆಸಿ, ಕಪಾಟಿನಲ್ಲಿ ಅದರ ಜಾಗದಲ್ಲಿ ಇಟ್ಟರು.